ಫಿಟ್ಸ್ ಬಂದ ಜರ್ಬಿಲ್, ಹೊಟ್ಟೆಯಲ್ಲಿ ಹಕ್ಕಳೆ ಕಟ್ಟಿದ ಜರ್ಬಿಲ್: ಮೊದಲು ಯಾವುದನ್ನು ವೈದ್ಯರಿಗೆ ತೋರಿಸಬೇಕು?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ದಾವಣಗೆರೆಯವರು, ಈಗ ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. 9 ವರ್ಷದ ಮಗಳಿಗಾಗಿ ಇಲಿ ಜಾತಿಯ ಪುಟ್ಟ ಪ್ರಾಣಿಗಳಾದ ಎರಡು ಗಂಡು ಜರ್ಬಿಲ್ ಸಾಕಿದ್ದೇವೆ. ರಾಗಿಗೆ ಎರಡೂವರೆ ವರ್ಷ. ಅದರ ಜೊತೆಗಾರ ಸತ್ತ ಮೇಲೆ ತಂದ ಮಂಡಕ್ಕಿಗೆ 5 ತಿಂಗಳು. ಕಳೆದ ತಿಂಗಳು ಒಂದು ಭಾನುವಾರ ಪಂಜರ ತೊಳೆದ ಮೇಲೆ ಮಗಳು ಮಂಡಕ್ಕಿಯನ್ನು ಎತ್ತಿಕೊಂಡಾಗ ಅದು ಕಿವಿಗಳನ್ನು ಹಿಂದಕ್ಕೆ ಮಡಚಿ, ಮೈ ಸೆಟೆದುಕೊಂಡು ಕಾಲು ಬಡಿಯತೊಡಗಿತು. ಊರಿನಿಂದ ಬಂದಿರುವ ನಮ್ಮ ಅತ್ತೆ ಕೀಲಿಕೈ ಗೊಂಚಲನ್ನು ಅದರ ಕಾಲಿಗೆ ತಾಗಿಸಿ, ಈರುಳ್ಳಿ ಮೂಸಿಸಿದರು. ಒಂದು ನಿಮಿಷದಲ್ಲಿ ಸರಿಹೋಯಿತು. ಆಮೇಲೆ ಇನ್ನೆರಡು ಸಲ ಬಂದಿದೆ, ಎರಡೂ ಭಾನುವಾರವೇ. ರಾಗಿಗೂ ಮಗುವಿಗೂ ಅಂಟಬಾರದೆಂದು 12 ದಿನಗಳಿಂದ ಮಂಡಕ್ಕಿಯನ್ನು ಬೇರೆ ಪಂಜರದಲ್ಲಿ ಇಟ್ಟಿದ್ದೇವೆ. ಈ ಶನಿವಾರ ಮತ್ತೆ ಸೇರಿಸೋಣ ಎಂದುಕೊಂಡಿದ್ದೇವೆ. ಒಂಟಿಯಾದಾಗಿನಿಂದ ಮಂಡಕ್ಕಿ ರಾತ್ರಿಯೆಲ್ಲ ಪಂಜರದ ಮೂಲೆ ಕೆರೆಯುತ್ತದೆ, ಕಂಬಿ ಕಡಿಯುತ್ತದೆ. ಅದಕ್ಕೆ ಮಾತ್ರೆ ಕೊಡಿಸಬೇಕೇ? ಮಗಳು ಮುಟ್ಟಬಹುದೇ? ಇಲಿ ಜಾತಿಯಿಂದ ಪ್ಲೇಗ್ ಬರುತ್ತದೆ ಎಂದು ಅತ್ತೆಗೆ ಭಯ. ರಾಗಿಯ ಮೂಗಿನ ಸುತ್ತ ಒಂದೊಂದು ಸಲ ರಕ್ತದಂತೆ ಕೆಂಪಗೆ ಕಾಣುತ್ತದೆ. ಅದರ ಹೊಟ್ಟೆಯ ನಡುವಿನ ಹಳದಿ ಬೋಳು ಜಾಗದಲ್ಲಿ ಒಂದು ಹಕ್ಕಳೆ ಕಟ್ಟಿದೆ, ನೆಕ್ಕಿಕೊಂಡಾಗ ಸ್ವಲ್ಪ ರಕ್ತ ಬರುತ್ತದೆ. ಅದಕ್ಕೆ ವಯಸ್ಸಾಗಿದೆ ಎಂದು ಸುಮ್ಮನಿದ್ದೇವೆ. ರಾಗಿ ಹೋದರೆ ಮಂಡಕ್ಕಿಗೆ ಇನ್ನೊಂದು ಜೊತೆ ತರಬೇಕೇ ಎಂಬುದನ್ನೂ ತಿಳಿಸಿ.

ಉತ್ತರ: ಶನಿವಾರದ ಯೋಜನೆಯನ್ನು ದಯವಿಟ್ಟು ಕೈಬಿಡಿ. 12 ದಿನ ಬೇರೆಯಾಗಿದ್ದ ಎರಡು ಗಂಡು ಜರ್ಬಿಲ್‌ಗಳನ್ನು ನೇರವಾಗಿ ಒಂದೇ ಪಂಜರಕ್ಕೆ ಬಿಟ್ಟರೆ ಅವು ಪರಸ್ಪರ ಕಚ್ಚಿ ಕೊಲ್ಲುವ ಸಾಧ್ಯತೆ ನಿಜವಾಗಿಯೂ ಇದೆ. ಸೇರಿಸುವ ಕ್ರಮವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಎರಡನೆಯದಾಗಿ, ಈ ವಾರ ವೈದ್ಯರಲ್ಲಿಗೆ ಹೋಗಬೇಕಾದದ್ದು ರಾಗಿ. ನಿಮ್ಮ ಪತ್ರದ ಬಹುಭಾಗ ಮಂಡಕ್ಕಿಯ ಫಿಟ್ಸ್ ಬಗ್ಗೆ ಇದೆ. ಕಣ್ಣೆದುರು ಅಂಗೈಯಷ್ಟು ಪ್ರಾಣಿಯೊಂದು ಸೆಟೆದುಕೊಂಡು ಒದ್ದಾಡುವುದನ್ನು ನೋಡಿದ ಯಾರಿಗಾದರೂ ಹಾಗೆಯೇ ಆಗುತ್ತದೆ. ಆದರೂ ನೀವು ಬರೆದಿರುವ ತೊಂದರೆಗಳಲ್ಲಿ ಪ್ರಾಣಕ್ಕೆ ಅತಿ ಕಡಿಮೆ ಅಪಾಯದ್ದು ಅದೇ, ಮತ್ತು ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಟ್ಟಿರುವ ಹಕ್ಕಳೆಯೇ ಹೆಚ್ಚು ಅಪಾಯದ್ದು.

ಮೊದಲು ಫಿಟ್ಸ್ ವಿಷಯ. ನೀವು ಸಾಕಿರುವುದು ಮಂಗೋಲಿಯನ್ ಜರ್ಬಿಲ್. ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು ಇದರ ಮೂಲ ನೆಲೆ. 1935ರಲ್ಲಿ ಅಮೂರ್ ನದಿಯ ಜಲಾನಯನ ಪ್ರದೇಶದಲ್ಲಿ ಹಿಡಿದ ಕೆಲವೇ ಜೋಡಿಗಳನ್ನು ಜಪಾನಿನ ಪ್ರಯೋಗಾಲಯಗಳಿಗೆ ಒಯ್ದರು. ಅವುಗಳ ಸಂತತಿ 1954ರಲ್ಲಿ ಅಮೆರಿಕಕ್ಕೂ, 1964ರಲ್ಲಿ ಬ್ರಿಟನ್ನಿಗೂ ಬಂತು. ಇಂದು ಮನೆಗಳಲ್ಲಿ ಇರುವ ಜರ್ಬಿಲ್‌ಗಳಲ್ಲಿ ಬಹುಪಾಲು ಈ ವಂಶದವೇ. ಇವುಗಳಲ್ಲಿ ಸೆಳವು, ಅಂದರೆ ಫಿಟ್ಸ್, ಆನುವಂಶಿಕ ಗುಣ. ಸಾಮಾನ್ಯವಾಗಿ ಶೇ. 20ರಿಂದ 40ರಷ್ಟು ಜರ್ಬಿಲ್‌ಗಳಲ್ಲಿ ಒಂದಲ್ಲ ಒಂದು ಮಟ್ಟದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎರಡು ತಿಂಗಳ ವಯಸ್ಸಿನ ಸುಮಾರಿಗೆ ಶುರುವಾಗಿ, ಅರ್ಧ ವರ್ಷದ ಹೊತ್ತಿಗೆ ಜೋರಾಗಿ, ಅನೇಕ ಪ್ರಾಣಿಗಳಲ್ಲಿ ವಯಸ್ಸಾದಂತೆ ಇಳಿಯುತ್ತದೆ. ಕೆಲವು ಜರ್ಬಿಲ್‌ಗಳು ಮೀಸೆ ಅಲುಗಿಸುತ್ತ ಮಂಕಾಗಿ ಕುಳಿತುಬಿಡುತ್ತವೆ, ಕೆಲವು ಮಂಡಕ್ಕಿಯಂತೆ ಮೈ ಸೆಟೆದು ಕಾಲು ಬಡಿಯುತ್ತವೆ. ಮಿದುಳಿನಲ್ಲಿ ಗ್ಲುಟಮಿನ್ ಸಿಂಥೆಟೇಸ್ ಎಂಬ ಕಿಣ್ವದ ಕೊರತೆಗೂ ಇದಕ್ಕೂ ನಂಟಿದೆ ಎಂದು ಸಂಶೋಧನೆಗಳು ಹೇಳುತ್ತವೆ. ಪ್ರಯೋಗಾಲಯಗಳಲ್ಲಿ ಸೆಳವು ಬರುವ ತಳಿಯನ್ನೂ ಬಾರದ ತಳಿಯನ್ನೂ ಬೇರೆಬೇರೆಯಾಗಿ ಬೆಳೆಸಿರುವುದರಿಂದ ಇದು ಹುಟ್ಟಿನಿಂದ ಬರುವ ಸ್ವಭಾವ ಎಂಬುದರಲ್ಲಿ ಸಂಶಯವಿಲ್ಲ. ಹಾಗಾಗಿ ಇದು ರಾಗಿಗಾಗಲಿ ನಿಮ್ಮ ಮಗಳಿಗಾಗಲಿ ಅಂಟುವ ಪ್ರಶ್ನೆಯೇ ಇಲ್ಲ. ಆ ಭಯದಿಂದ ಅವನ್ನು ಬೇರೆ ಮಾಡುವ ಅಗತ್ಯ ಇರಲಿಲ್ಲ.

ಸೆಳವಿಗೆ ಪ್ರಚೋದನೆ ಹೊರಗಿನಿಂದ ಬರುತ್ತದೆ. ಹೊಸ ಜಾಗ, ಹಠಾತ್ ಸದ್ದು, ಗಟ್ಟಿಯಾಗಿ ಹಿಡಿಯುವುದು, ಪರಿಚಿತ ವಾಸನೆ ಇದ್ದಕ್ಕಿದ್ದಂತೆ ಮಾಯವಾಗುವುದು, ಇವು ಮುಖ್ಯವಾದವು. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮೂರು ಸಲವೂ ಭಾನುವಾರವೇ ಎಂಬ ಮಾತು. ಭಾನುವಾರ ನೀವು ಪಂಜರ ತೊಳೆಯುವ ದಿನವೆಂದು ಕಾಣುತ್ತದೆ. ಹಳೆಯ ಹಾಸನ್ನೆಲ್ಲ ಚೀಲಕ್ಕೆ ಸುರಿದು, ಪಂಜರವನ್ನು ಸೋಪು ಹಾಕಿ ತಿಕ್ಕಿ, ಹೊಸ ಹಾಸು ಹಾಕಿದರೆ ನಮ್ಮ ಕಣ್ಣಿಗೆ ಅದು ಶುಚಿಯಾದ ಮನೆ. ತನ್ನ ವಾಸನೆಯಿಂದಲೇ ಮನೆಯನ್ನು ಗುರುತಿಸುವ ಜರ್ಬಿಲ್‌ಗೆ ಅದು ಕಂಡರಿಯದ ಜಾಗ. ಪಕ್ಕದ ಕೋಣೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಮೊರೆಯುತ್ತಿದ್ದು, ಅದೇ ಹೊತ್ತಿಗೆ ಮಗು ಕೈಗೆತ್ತಿಕೊಂಡರೆ ಪ್ರಚೋದನೆಗಳೆಲ್ಲ ಒಟ್ಟಿಗೇ ಸೇರಿಬಿಡುತ್ತವೆ. ಒಂದು ದೊಡ್ಡ ಸೆಳವಿನ ನಂತರ ಕೆಲವು ದಿನ ಮತ್ತೊಂದು ಬರುವುದು ಕಡಿಮೆ. ವಾರಕ್ಕೊಂದು ಎಂಬ ಲೆಕ್ಕ ಕಾಣುವುದಕ್ಕೆ ಅದೂ ಒಂದು ಕಾರಣ. ಈ ಪ್ರಾಣಿಗಳ ಮೂತ್ರ ಬಹಳ ಕಡಿಮೆ, ಹಿಕ್ಕೆ ಒಣಗಿದ ಕಾಳಿನಂತಿರುತ್ತದೆ, ಆದ್ದರಿಂದ ವಾರವಾರ ಪಂಜರ ತೊಳೆಯಬೇಕಾಗಿಯೇ ಇಲ್ಲ. ಒದ್ದೆಯಾದ ಮೂಲೆಯನ್ನಷ್ಟೇ ತೆಗೆದು, ಕೆಲವು ವಾರಗಳಿಗೊಮ್ಮೆ ಹಾಸು ಬದಲಿಸಿ. ಬದಲಿಸುವಾಗಲೂ ಮೂರನೇ ಒಂದು ಭಾಗ ಹಳೆಯ ಹಾಸನ್ನೂ ಅವು ಕಟ್ಟಿಕೊಂಡ ಗೂಡನ್ನೂ ಹಾಗೆಯೇ ಉಳಿಸಿ. ಆ ದಿನ ಮಗಳು ಮಂಡಕ್ಕಿಯನ್ನು ಎತ್ತಿಕೊಳ್ಳುವುದು ಬೇಡ.

ಕೀಲಿಕೈ ಮತ್ತು ಈರುಳ್ಳಿಯ ಬಗ್ಗೆ ಅತ್ತೆಯವರಿಗೆ ನೋವಾಗದಂತೆ ಹೇಳಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದನ್ನು ನಾವೆಲ್ಲ ಊರಿನ ಬಸ್ ನಿಲ್ದಾಣಗಳಲ್ಲಿ ನೋಡಿಯೇ ಬೆಳೆದವರು. ಸೆಳವು ತಾನಾಗಿಯೇ ಒಂದೆರಡು ನಿಮಿಷದೊಳಗೆ ನಿಲ್ಲುವುದರಿಂದ, ಆ ಹೊತ್ತಿನಲ್ಲಿ ಏನು ಮಾಡಿದರೂ ಅದರಿಂದಲೇ ನಿಂತಿತು ಎನಿಸುತ್ತದೆ. ಮನುಷ್ಯರಲ್ಲೂ ಕಬ್ಬಿಣದಿಂದ ಏನೂ ಆಗುವುದಿಲ್ಲ. ಜರ್ಬಿಲ್ ವಿಷಯದಲ್ಲಂತೂ ಗೊಂಚಲಿನ ಝಣಝಣ ಸದ್ದೇ ಇನ್ನೊಂದು ಪ್ರಚೋದನೆಯಾಗಬಹುದು, ಈರುಳ್ಳಿಯ ಘಾಟು ಇನ್ನಷ್ಟು ಗಾಬರಿಪಡಿಸಬಹುದು. ಈರುಳ್ಳಿಯನ್ನು ಕಚ್ಚಿ ತಿಂದರೆ ಅದೂ ಒಳ್ಳೆಯದಲ್ಲ. ಮಾಡಬೇಕಾದದ್ದು ಇಷ್ಟೇ: ಕೈಯಲ್ಲಿದ್ದರೆ ಮೆಲ್ಲಗೆ ಹಾಸಿನ ಮೇಲೆ ಇಳಿಸಿ, ದೀಪ ಆರಿಸಿ, ಮಾತು ನಿಲ್ಲಿಸಿ, ಮುಟ್ಟಬೇಡಿ, ಬಾಯಿಗೆ ನೀರು ಹಾಕಬೇಡಿ. ಒಬ್ಬರು ಗಡಿಯಾರ ನೋಡಿ, ಸಾಧ್ಯವಾದರೆ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ವೈದ್ಯರಿಗೆ ನಿಮ್ಮ ವಿವರಣೆಗಿಂತ ಆ ಅರ್ಧ ನಿಮಿಷದ ವಿಡಿಯೋ ಹೆಚ್ಚು ಹೇಳುತ್ತದೆ.

ಮಾತ್ರೆ ಬೇಕೇ ಎಂದು ಕೇಳಿದ್ದೀರಿ. ನೀವು ಬರೆದಂತೆಯೇ ಇದ್ದರೆ ಬೇಡ. ಸೆಳವು ತಡೆಯುವ ಔಷಧಿಗಳು ಇವೆ, ಆದರೆ ಅವನ್ನು 70 ಗ್ರಾಂ ತೂಕದ ಪ್ರಾಣಿಗೆ ದಿನವೂ ಹಿಡಿದು ಕುಡಿಸುವುದೇ ಸೆಳವಿಗೆ ಕಾರಣವಾಗಬಲ್ಲದು. ಸಾಮಾನ್ಯ ಜರ್ಬಿಲ್ ಸೆಳವಿನಿಂದ ಮಿದುಳಿಗೆ ಹಾನಿ ಉಳಿಯುವುದಿಲ್ಲ, ಪ್ರಾಣಿ ಕೆಲವೇ ನಿಮಿಷಗಳಲ್ಲಿ ಎದ್ದು ಕಾಳು ಹುಡುಕುತ್ತದೆ. ಯಾವಾಗ ಕಾಯಬಾರದು ಎಂಬುದನ್ನು ಮಾತ್ರ ನೆನಪಿಡಿ. ಸೆಳವು 5 ನಿಮಿಷ ದಾಟಿದರೆ, ಒಂದೇ ದಿನ ಮತ್ತೆ ಮತ್ತೆ ಬಂದರೆ, ಸೆಳವಿನ ನಂತರ ತಲೆ ಒಂದು ಕಡೆಗೆ ವಾಲಿದ್ದರೆ, ಸುತ್ತು ಹೊಡೆಯುತ್ತಿದ್ದರೆ, ತಿನ್ನುವುದನ್ನು ಬಿಟ್ಟರೆ ಅದು ಬೇರೆ ರೋಗ. ಎರಡು ವರ್ಷ ದಾಟಿದ ಜರ್ಬಿಲ್‌ಗೆ ಜೀವನದಲ್ಲಿ ಮೊದಲ ಸಲ ಸೆಳವು ಬಂದರೂ ಹಾಗೆಯೇ. ಮುದಿ ಜರ್ಬಿಲ್‌ಗಳಲ್ಲಿ ಪಾರ್ಶ್ವವಾಯು ಬರುತ್ತದೆ, ಕಿವಿಯೊಳಗೆ ಕೊಲೆಸ್ಟಿಯಟೋಮಾ ಎಂಬ ಗಡ್ಡೆ ಬೆಳೆದು ತಲೆ ವಾಲುವುದೂ ಸಾಮಾನ್ಯ. ಇವನ್ನು ‘ಜರ್ಬಿಲ್‌ಗೆ ಫಿಟ್ಸ್ ಬರುವುದೇ’ ಎಂದು ತಳ್ಳಿಹಾಕಬಾರದು. ಮಂಡಕ್ಕಿಗೆ ಫಿಟ್ಸ್ ಇರುವುದರಿಂದ ಅದರಿಂದ ಮರಿ ಮಾಡಿಸುವ ಯೋಚನೆಯೂ ಬೇಡ.

ಪ್ಲೇಗ್ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್‌ನ ನೆನಪು ನಮ್ಮ ಊರೂರಿನ ಪ್ಲೇಗಮ್ಮನ ಗುಡಿಗಳಲ್ಲಿ ಇನ್ನೂ ಇದೆ. ಅದೂ ಅಲ್ಲದೆ ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಗಡಿ ಭಾಗದ ಹೊಲಗಳಲ್ಲಿ ಪ್ಲೇಗ್ ರೋಗಾಣುವನ್ನು ಉಳಿಸಿಕೊಂಡಿದ್ದ ಪ್ರಾಣಿ ಜರ್ಬಿಲ್‌ನ ದಾಯಾದಿಯೇ ಆದ ಭಾರತೀಯ ಕಾಡು ಜರ್ಬಿಲ್, ಟಟೇರಾ ಇಂಡಿಕಾ. ಅಂದರೆ ಅತ್ತೆಯವರ ಮಾತಿನಲ್ಲಿ ಹುರುಳಿದೆ, ಆದರೆ ಅದು ಬಯಲಿನ ಪ್ರಾಣಿಗೆ ಸಲ್ಲುವ ಮಾತು. ಪ್ಲೇಗ್ ಹರಡುವುದು ಮುಖ್ಯವಾಗಿ ಸೋಂಕಿದ ಚಿಗಟ ಕಚ್ಚುವುದರಿಂದ. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ, ಚಿಗಟವಿಲ್ಲದ, ಪ್ಲೇಗೇ ಇಲ್ಲದ ಬ್ರಿಟನ್ನಿನ ಜರ್ಬಿಲ್‌ನಿಂದ ಅದು ಬರುವುದಿಲ್ಲ. ಊರಿನ ಹೊಲದಲ್ಲಿ ಸಿಕ್ಕ ಮರಿಯನ್ನು ಹಿಡಿದು ಸಾಕುವುದು ಮಾತ್ರ ಖಂಡಿತ ಬೇಡ. ಮಗಳು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲಿ, ಮುಖಕ್ಕೆ ಒತ್ತಿಕೊಳ್ಳದಿರಲಿ. ಸಾಲ್ಮೊನೆಲ್ಲಾ ಎಂಬ ರೋಗಾಣು, ಕುಬ್ಜ ಲಾಡಿಹುಳುಗಳಂಥವು ಅಪರೂಪಕ್ಕೆ ಮನುಷ್ಯರಿಗೆ ದಾಟಬಹುದು, ಅದಕ್ಕೆ ಇಷ್ಟು ಎಚ್ಚರಿಕೆ ಸಾಕು.

ಇನ್ನು ರಾಗಿ. ಗಂಡು ಜರ್ಬಿಲ್‌ನ ಹೊಟ್ಟೆಯ ನಡುಗೆರೆಯಲ್ಲಿ ಕೂದಲಿಲ್ಲದ, ಉದ್ದನೆಯ, ಹಳದಿ ಅಥವಾ ಕಿತ್ತಳೆ ಬಣ್ಣದ ಒಂದು ಪಟ್ಟಿ ಇರುವುದು ಸಹಜ. ಅದು ವಾಸನೆಯ ಗ್ರಂಥಿ. ಕಲ್ಲಿನ ಮೇಲೋ ನಾಳದ ಮೇಲೋ ಹೊಟ್ಟೆಯನ್ನು ಚಪ್ಪಟೆಯಾಗಿ ಒರಸಿಕೊಂಡು ಹೋಗುವಾಗ ಅದು ತನ್ನ ಗುರುತು ಹಚ್ಚುತ್ತಿರುತ್ತದೆ. ಮೊದಲ ಸಲ ನೋಡಿದವರು ಗಡ್ಡೆ ಎಂದು ಹೆದರಿ ಓಡಿಬರುತ್ತಾರೆ. ನಯವಾಗಿ, ಎರಡೂ ಬದಿ ಸಮವಾಗಿ, ಒಣಗಿದ್ದರೆ ಅದು ಆರೋಗ್ಯದ ಲಕ್ಷಣ. ಎರಡು ವರ್ಷ ದಾಟಿದ ಮೇಲೆ ಇದೇ ಗ್ರಂಥಿಯಲ್ಲಿ ಗಡ್ಡೆ ಬೆಳೆಯುವುದು ಜರ್ಬಿಲ್‌ಗಳಲ್ಲಿ ಬಹಳ ಸಾಮಾನ್ಯ, ಅದರಲ್ಲೂ ಗಂಡುಗಳಲ್ಲಿ. ಶುರುವಿನಲ್ಲಿ ಅದು ಗಡ್ಡೆಯಂತೆ ಕಾಣುವುದೇ ಇಲ್ಲ. ಗ್ರಂಥಿಯ ಒಂದು ಅಂಚು ಸಾಸಿವೆ ಕಾಳಿನಷ್ಟು ಉಬ್ಬುತ್ತದೆ, ಮೇಲೊಂದು ಹಕ್ಕಳೆ ಕಟ್ಟುತ್ತದೆ, ಪ್ರಾಣಿ ಅದನ್ನು ನೆಕ್ಕಿ ಕಚ್ಚಿ ಕಿತ್ತುಹಾಕುತ್ತದೆ, ರಕ್ತ ಒಸರುತ್ತದೆ, ಮತ್ತೆ ಹಕ್ಕಳೆ. ನೀವು ಬರೆದಿರುವುದು ಹೆಚ್ಚುಕಡಿಮೆ ಇದನ್ನೇ. ಬರೀ ಗಾಯವೋ ಸೋಂಕೋ ಆಗಿರಲೂಬಹುದು, ಅದು ತಿಳಿಯುವುದು ಪರೀಕ್ಷಿಸಿದ ಮೇಲೆಯೇ.

ಗಡ್ಡೆಯೆಂದೇ ಆದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಚಿಕ್ಕದಿರುವಾಗಲೇ ಗ್ರಂಥಿಯ ಸಮೇತ ಕತ್ತರಿಸಿ ತೆಗೆಯುವುದು ಮೊದಲನೆಯದು. ಗಡ್ಡೆ ಚರ್ಮಕ್ಕೆ ಸೀಮಿತವಾಗಿದ್ದರೆ ಇದು ಒಳ್ಳೆಯ ಫಲ ಕೊಡುವ ಶಸ್ತ್ರಚಿಕಿತ್ಸೆ, ಅನೇಕ ಪ್ರಾಣಿಗಳು ಉಳಿದ ಆಯುಷ್ಯವನ್ನು ನೆಮ್ಮದಿಯಾಗಿ ಕಳೆಯುತ್ತವೆ. ಅಪಾಯವೂ ಇದೆ. ಅರಿವಳಿಕೆಯಲ್ಲಿ ಸಾವಿನ ಸಂಭವ ಇಂಥ ಸಣ್ಣ ಪ್ರಾಣಿಗಳಲ್ಲಿ ನಾಯಿ ಬೆಕ್ಕುಗಳಿಗಿಂತ ಹೆಚ್ಚು, ಮುಖ್ಯವಾಗಿ ಮೈಯ ಬಿಸಿ ಬೇಗ ಇಳಿದುಹೋಗುವುದರಿಂದ. ರಾಗಿಯ ವಯಸ್ಸೂ ಅದಕ್ಕೆ ಸೇರುತ್ತದೆ. ಎಚ್ಚರವಾದ ಮೇಲೆ ಹೊಲಿಗೆ ಕಡಿದುಕೊಳ್ಳುವುದು ಇನ್ನೊಂದು ತೊಂದರೆ, ಅದಕ್ಕಾಗಿ ಅನುಭವವಿರುವವರು ಚರ್ಮದೊಳಗೆ ಅಡಗುವಂತೆ ಹೊಲಿಯುತ್ತಾರೆ. ಎರಡನೆಯ ದಾರಿ, ತೆಗೆಯದೆ ನೋವು ಮತ್ತು ಉರಿಯೂತಕ್ಕೆ ಔಷಧಿ ಕೊಡುತ್ತ ನೋಡಿಕೊಳ್ಳುವುದು. ರಾಗಿಗೆ ಹೃದಯದ ಅಥವಾ ಉಸಿರಾಟದ ತೊಂದರೆ ಇದ್ದರೆ ನಾನು ಇದನ್ನೇ ಸೂಚಿಸುತ್ತೇನೆ, ಆದರೆ ಗಡ್ಡೆ ಬೆಳೆಯುತ್ತಲೇ ಇರುತ್ತದೆ, ಹುಣ್ಣಾಗಿ ಕೊಳೆಯುತ್ತದೆ ಎಂಬುದನ್ನು ತಿಳಿದೇ ಒಪ್ಪಬೇಕು. ಹಾಗೆ ಹುಣ್ಣಾಗಿ ತಿನ್ನಲು ಓಡಾಡಲು ಆಗದ ಹಂತ ಬಂದರೆ ನೋವಿಲ್ಲದಂತೆ ಜೀವ ಬಿಡಿಸುವುದು ಮೂರನೆಯದು. ಸುಮ್ಮನೆ ಕಾಯುವುದು ಈ ಮೂರರಲ್ಲಿ ಯಾವುದೂ ಅಲ್ಲ. ಇಂದು ಬಟಾಣಿಗಿಂತ ಚಿಕ್ಕದಾಗಿರುವ ಗಡ್ಡೆಯನ್ನು ತೆಗೆಯುವುದು ಸುಲಭ. ತಿಂಗಳುಗಟ್ಟಲೆ ಬಿಟ್ಟು ಹೊಟ್ಟೆಯ ಅರ್ಧ ಚರ್ಮಕ್ಕೆ ಹಬ್ಬಿದ ಮೇಲೆ ಕರೆತಂದವರಿಗೆ ‘ಮುಚ್ಚಲು ಚರ್ಮವೇ ಉಳಿದಿಲ್ಲ’ ಎಂದು ಹೇಳಬೇಕಾಗಿ ಬಂದಾಗ ನನಗೆ ಬಹಳ ಸಂಕಟವಾಗುತ್ತದೆ.

ವೈದ್ಯರನ್ನು ಆರಿಸುವಾಗ ಫೋನಿನಲ್ಲೇ ಕೇಳಿ: ಜರ್ಬಿಲ್‌ಗಳನ್ನು ಆಗಾಗ ನೋಡುತ್ತೀರಾ, ಅವುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತೀರಾ? ಬ್ರಿಟನ್ನಿನ ಪಶುವೈದ್ಯರ ನೋಂದಣಿ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್‌ನ ಪಟ್ಟಿಯಲ್ಲಿ ಯಾವ ಚಿಕಿತ್ಸಾಲಯ ಯಾವ ಪ್ರಾಣಿಗಳನ್ನು ನೋಡುತ್ತದೆ ಎಂದು ಹುಡುಕಬಹುದು. ಹೀಗೆ ಕೇಳುವುದಕ್ಕೆ ಕಾರಣವಿದೆ. ಬೇರೆ ಪ್ರಾಣಿಗಳಿಗೆ ಧಾರಾಳವಾಗಿ ಬಳಸಿದ ಸ್ಟ್ರೆಪ್ಟೊಮೈಸಿನ್ ಮತ್ತು ಡೈಹೈಡ್ರೊಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಔಷಧಿಗಳು ಜರ್ಬಿಲ್‌ಗೆ ನಿಮಿಷಗಳಲ್ಲೇ ಮಾರಕವಾಗಬಹುದು. ಅವು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆದುಬಿಡುತ್ತವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ನಮಗೆ ಜರ್ಬಿಲ್ ಎಂದರೆ ಪ್ರಯೋಗಾಲಯದ ಪ್ರಾಣಿ ಎಂದಷ್ಟೇ ಪರಿಚಯ, ಅದನ್ನು ರೋಗಿಯಾಗಿ ನೋಡುವುದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ. ಈ ಪ್ರಾಣಿಗಳನ್ನು ದಿನವೂ ನೋಡದ ವೈದ್ಯರಿಗೆ ಇಂಥ ವಿವರ ನೆನಪಿರಬೇಕೆಂದಿಲ್ಲ. ಊರಿನಿಂದ ತಂದ ಯಾವ ಮುಲಾಮು, ಮಾತ್ರೆಯನ್ನೂ ನೀವಾಗಿಯೇ ಕೊಡಬೇಡಿ. ಶಸ್ತ್ರಚಿಕಿತ್ಸೆಯ ದಿನ ರಾಗಿಯನ್ನು ಉಪವಾಸ ಇಡಬೇಡಿ. ಇಲಿ ಜಾತಿಯ ಪ್ರಾಣಿಗಳು ವಾಂತಿ ಮಾಡಲಾರವು, ಹಸಿವಿನಿಂದ ರಕ್ತದ ಸಕ್ಕರೆ ಇಳಿಯುವುದೇ ಅವುಗಳಿಗೆ ಅಪಾಯ. ಹೋಗುವ ಮೊದಲು ರಾಗಿಯ ತೂಕ ನೋಡಿ: ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟು, ಸೊನ್ನೆಗೆ ತಂದು, ತಳಕ್ಕೆ ನಾಲ್ಕು ಕಾಳು ಹಾಕಿದರೆ ಅದು ತಾನೇ ಒಳಗಿಳಿಯುತ್ತದೆ. ವಾರಕ್ಕೊಮ್ಮೆ ಹೀಗೆ ಬರೆದಿಡಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಹೊರಗೆ ಏನೂ ಕಾಣದಿದ್ದರೂ ಒಳಗೆ ತೊಂದರೆ ಇದೆ ಎಂದೇ ತಿಳಿಯಬೇಕು. ಎತ್ತುವಾಗ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಕೆಳಗಿನಿಂದ ಎತ್ತಲಿ ಎಂದು ಮಗಳಿಗೆ ಹೇಳಿಕೊಡಿ. ಬಾಲದ ತುದಿ ಹಿಡಿದರೆ ಅದರ ಚರ್ಮ ಒರೆಯಂತೆ ಕಳಚಿ ಕೈಯಲ್ಲೇ ಉಳಿಯುತ್ತದೆ, ಮತ್ತೆ ಬೆಳೆಯುವುದಿಲ್ಲ.

ಮೂಗಿನ ಕೆಂಪು ಬಹುಶಃ ರಕ್ತವಲ್ಲ. ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿಯಿಂದ ಪೋರ್ಫಿರಿನ್ ಎಂಬ ಕೆಂಪು ವರ್ಣದ್ರವ್ಯ ಸ್ರವಿಸಿ ಮೂಗಿನ ತುದಿಗೆ ಇಳಿಯುತ್ತದೆ. ಆರೋಗ್ಯವಾಗಿರುವ ಜರ್ಬಿಲ್ ಅದನ್ನು ಮುಖ ತಿಕ್ಕಿಕೊಳ್ಳುವಾಗ ಮೈಗೆ ಹರಡಿಕೊಂಡು, ಮರಳಿನಲ್ಲಿ ಹೊರಳಿ ಕಳೆದುಕೊಳ್ಳುತ್ತದೆ. ಅಂಜಿಕೆ, ನೋವು, ತೇವ ಹೆಚ್ಚಾದಾಗ ಅದು ಮೂಗಿನ ಸುತ್ತ ಶೇಖರವಾಗಿ ಚರ್ಮವನ್ನು ಕೆರಳಿಸುತ್ತದೆ, ಮೇಲೆ ಸೋಂಕೂ ಸೇರಬಹುದು. ಇಂಗ್ಲೆಂಡಿನ ಚಳಿಗಾಲದಲ್ಲಿ ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಒಣಹಾಕುವ ಕೋಣೆಯಲ್ಲಿ ಪಂಜರ ಇದ್ದರೆ ಬೇರೆಡೆಗೆ ಇಡಿ. ತೇವಾಂಶ ಶೇ. 50ಕ್ಕಿಂತ ಕಡಿಮೆ ಇರಬೇಕು. ಪಿಂಗಾಣಿ ಬಟ್ಟಲಿನಲ್ಲಿ ನುಣುಪಾದ ಒಣ ಮರಳು ಇಡಿ, ಹಿಟ್ಟಿನಂಥ ಧೂಳು ಬೇಡ. ದೇವದಾರು, ಪೈನ್ ಮರದ ಹೊಟ್ಟಿದ್ದರೆ ತೆಗೆದುಹಾಕಿ. ಹಾಗೆ ಮಾಡಿಯೂ ಚರ್ಮ ಹುಣ್ಣಾಗಿದ್ದರೆ ಅದನ್ನೂ ಅದೇ ಭೇಟಿಯಲ್ಲಿ ತೋರಿಸಿ.

ಈಗ ಎರಡನ್ನೂ ಮತ್ತೆ ಸೇರಿಸುವ ವಿಷಯ. ಜರ್ಬಿಲ್‌ಗಳು ಕುಟುಂಬವಾಗಿ ಬದುಕುತ್ತವೆ, ಕುಟುಂಬದ ಗುರುತು ಒಟ್ಟಿಗೆ ಮಲಗಿ ಒಬ್ಬರ ಮೈಗೊಬ್ಬರು ಹಚ್ಚಿಕೊಂಡ ವಾಸನೆ. ಒಂದೆರಡು ದಿನ ಬೇರೆಯಿದ್ದರೂ ಆ ಗುರುತು ಮಾಸತೊಡಗುತ್ತದೆ. ಆಮೇಲೆ ಎದುರಾಗುವವನು ಗಡಿ ದಾಟಿ ಬಂದ ಶತ್ರು. ವೈದ್ಯರು ರಾಗಿಯನ್ನು ನೋಡುವವರೆಗೆ ಸೇರಿಸುವ ಕೆಲಸ ಶುರುಮಾಡಬೇಡಿ. ನೋವಿರುವ ಪ್ರಾಣಿ ಬೇಗ ಕೆರಳುತ್ತದೆ, ಮತ್ತು ಶಸ್ತ್ರಚಿಕಿತ್ಸೆ ಆಗುವುದಾದರೆ ಗಾಯ ಮಾಯುವವರೆಗೆ ಇಬ್ಬರ ನಡುವೆ ತಡೆ ಇರಲೇಬೇಕು. ಆ ದಿನಗಳನ್ನು ವ್ಯರ್ಥ ಮಾಡದೆ, ಒಂದು ದೊಡ್ಡ ತೊಟ್ಟಿಯ ನಡುವೆ ತಂತಿಜಾಲರಿ ನಿಲ್ಲಿಸಿ ಆಚೆ ಒಬ್ಬ, ಈಚೆ ಒಬ್ಬ ಇರುವಂತೆ ಮಾಡಿದರೆ ವಾಸನೆಯ ಪರಿಚಯವಾದರೂ ಉಳಿಯುತ್ತದೆ.

ಜಾಲರಿಯ ಕಣ್ಣುಗಳು ಸಣ್ಣವಿರಬೇಕು, ಮೂಗು ತೂರಿಸಿ ಕಚ್ಚುತ್ತಿದ್ದರೆ ಎರಡು ಪದರ ಹಾಕಿ. ಮೇಲೆ ಕೆಳಗೆ ನುಸುಳುವ ಸಂದು ಇರಬಾರದು, ಇವು ರಾತ್ರೋರಾತ್ರಿ ತೋಡಿ ಆಚೆ ಸೇರುತ್ತವೆ. ಗಾಯ ಒಣಗಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಇಬ್ಬರ ಜಾಗ ಅದಲುಬದಲು ಮಾಡಿ. ರಾಗಿ ಮಂಡಕ್ಕಿಯ ಗೂಡಿನಲ್ಲಿ, ಮಂಡಕ್ಕಿ ರಾಗಿಯ ಗೂಡಿನಲ್ಲಿ ಮಲಗಲಿ. ವಾರ ಹತ್ತು ದಿನ ಹೀಗೆ ನಡೆದ ಮೇಲೆ ಇಬ್ಬರೂ ಜಾಲರಿಗೆ ಒತ್ತಿಕೊಂಡು ಅಕ್ಕಪಕ್ಕದಲ್ಲೇ ಗೂಡು ಕಟ್ಟಿ ಮಲಗುತ್ತಿದ್ದರೆ ಅದು ಶುಭಸೂಚನೆ. ಆಗ ಇಬ್ಬರಿಗೂ ಪರಿಚಯವಿಲ್ಲದ, ಚಿಕ್ಕ, ಖಾಲಿ ತೊಟ್ಟಿಯಲ್ಲಿ ಬಿಡಿ. ಚಕ್ರ, ಮನೆ, ಮಹಡಿ ಏನೂ ಬೇಡ. ಮನೆಯಲ್ಲಿ ಇಡೀ ದಿನ ಬಿಡುವಿರುವ ದಿನವನ್ನೇ ಆರಿಸಿ, ದಪ್ಪ ಕೈಗವಸು ಪಕ್ಕದಲ್ಲಿರಲಿ. ಮೂಸಿ ನೋಡುವುದು, ಮೈ ನೆಕ್ಕುವುದು, ಮುಂಗಾಲಿನಿಂದ ತುಸು ತಳ್ಳಾಡುವುದು, ಸ್ವಲ್ಪ ಅಟ್ಟುವುದು ಸಹಜ. ರೋಮ ಕೆದರಿಕೊಂಡು ಮೈಯನ್ನು ಅಡ್ಡ ತಿರುಗಿಸಿ ನಿಲ್ಲುವುದು, ಬಿಡದೆ ಅಟ್ಟಾಡಿಸುವುದು ಕಂಡರೆ ಆಗಲೇ ಬೇರೆ ಮಾಡಿ. ಉಂಡೆಯಾಗಿ ಉರುಳಾಡಿದರಂತೂ ಕ್ಷಣವೂ ತಡಮಾಡದೆ ಬೇರೆ ಮಾಡಿ, ಬರಿಗೈ ಮಾತ್ರ ಹಾಕಬೇಡಿ. ಒಂದು ಸಲ ರಕ್ತ ಬಂದ ಜೋಡಿಯನ್ನು ಮತ್ತೆ ಮತ್ತೆ ಪ್ರಯೋಗಕ್ಕೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ. ಜಾಲರಿಯ ಎರಡು ಬದಿಯಲ್ಲೇ ಶಾಶ್ವತವಾಗಿ ಇರಿಸಿದರೂ ಅವು ಒಬ್ಬರನ್ನೊಬ್ಬರು ನೋಡುತ್ತ, ಮೂಸುತ್ತ ಬದುಕಬಲ್ಲವು. ಮುದಿ ಗಂಡು ಮತ್ತು ಎಳೆಯ ಗಂಡಿನ ಜೋಡಿ ಎರಡು ಬೆಳೆದ ಗಂಡುಗಳಷ್ಟು ಕಷ್ಟದ್ದಲ್ಲ ಎಂಬುದು ನಿಮ್ಮ ಪಾಲಿಗೆ ಅನುಕೂಲ. ಆದರೆ ಮಂಡಕ್ಕಿ ಈಗ ಪ್ರಾಯಕ್ಕೆ ಬಂದಿದೆ, ಮೊದಲ ಸಲ ಸೇರಿಸಿದಾಗಿನಷ್ಟು ಸುಲಭವಾಗುತ್ತದೆ ಎಂದುಕೊಳ್ಳಬೇಡಿ.

ಮೂಲೆ ಕೆರೆಯುವುದನ್ನು ಹಠ ಎಂದೋ ತಪ್ಪಿಸಿಕೊಳ್ಳುವ ಪ್ರಯತ್ನ ಎಂದೋ ಜನ ತಿಳಿಯುತ್ತಾರೆ. ತನ್ನ ಮೂಲ ನೆಲೆಯಲ್ಲಿ ಜರ್ಬಿಲ್ ಹಲವು ಬಾಯಿಗಳ ಬಿಲ ತೋಡಿ, ಒಳಗೆ ಮಲಗುವ ಕೋಣೆ, ಕಾಳಿನ ಕಣಜ ಮಾಡಿಕೊಂಡು, ಸೊನ್ನೆಗಿಂತ ಬಹಳ ಕೆಳಗಿಳಿಯುವ ಚಳಿಯನ್ನು ದಾಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜರ್ಬಿಲ್ ಸಾಕುವುದನ್ನೇ ಕಾನೂನು ನಿಷೇಧಿಸಿರುವುದು ಇವು ತಪ್ಪಿಸಿಕೊಂಡು ಅಲ್ಲಿನ ಒಣನೆಲದಲ್ಲಿ ನೆಲೆಯೂರಿಬಿಡುತ್ತವೆ ಎಂಬ ಭಯದಿಂದ. ಅಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಸಂಶೋಧನೆ ತೋರಿಸಿದ ಸಂಗತಿ ನಾವು ಊಹಿಸುವುದಕ್ಕಿಂತ ಸೂಕ್ಷ್ಮವಾದದ್ದು: ತೋಡಲು ಮರಳು ಕೊಟ್ಟರಷ್ಟೇ ಮೂಲೆ ಕೆರೆಯುವ ಚಟ ತಪ್ಪಲಿಲ್ಲ, ಕಿರಿದಾದ ನಾಳದ ಮೂಲಕ ಹೋಗಿ ಸೇರುವ ಕತ್ತಲ ಗೂಡು ಸಿಕ್ಕಾಗ ತಪ್ಪಿತು. ಅವಕ್ಕೆ ಬೇಕಾದದ್ದು ತೋಡುವ ಕೆಲಸಕ್ಕಿಂತ ಹೆಚ್ಚಾಗಿ, ಬಿಲವೊಂದು ಇದೆ ಎಂಬ ಆಶ್ವಾಸನೆ. ಕಂಬಿಯ ಪಂಜರದಲ್ಲಿ ಮೂರು ಬೆರಳು ದಪ್ಪದ ಹಾಸಿನ ಮೇಲೆ ಮಂಡಕ್ಕಿಗೆ ಅದು ಸಿಗುವುದಿಲ್ಲ. ಗಾಜಿನ ತೊಟ್ಟಿ ತಂದು 25ರಿಂದ 30 ಸೆಂಟಿಮೀಟರ್ ಆಳದ ಕಾಗದದ ಹಾಸು ಮತ್ತು ಒಣಹುಲ್ಲನ್ನು ಪದರಪದರವಾಗಿ ಒತ್ತಿ ತುಂಬಿ, ಆಗ ಸುರಂಗ ಕುಸಿಯುವುದಿಲ್ಲ. ಮೂಲೆಯಲ್ಲಿ ಒಂದು ಮುಚ್ಚಿದ ಮರದ ಪೆಟ್ಟಿಗೆ ಹೂತು, ಬಾಗಿದ ರಟ್ಟಿನ ನಾಳವೊಂದನ್ನು ಅದಕ್ಕೆ ಜೋಡಿಸಿ. ಕಡಿಯಲು ರಟ್ಟು, ಔಷಧ ಹೊಡೆಯದ ಸೇಬಿನ ಅಥವಾ ಹೇಜಲ್ ಮರದ ಕೊಂಬೆ ಕೊಡಿ. ಚಕ್ರ ಇಡುವುದಾದರೆ ಕಂಬಿಗಳಿಲ್ಲದ, ಗಟ್ಟಿ ಮೈಯ, 28 ಸೆಂಟಿಮೀಟರ್ ಅಗಲದ್ದಿರಲಿ, ಇಲ್ಲವಾದರೆ ಬಾಲ ಸಿಕ್ಕಿಕೊಳ್ಳುತ್ತದೆ. ಹತ್ತಿಯಂಥ ನಾರಿನ ಹಾಸು ಕಾಲಿಗೆ ಸುತ್ತಿಕೊಂಡು ರಕ್ತ ಸಂಚಾರವನ್ನೇ ನಿಲ್ಲಿಸುವುದರಿಂದ ಅದು ಬೇಡವೇ ಬೇಡ. ಒಮ್ಮೆ ಅಂಟಿದ ಚಟ ಪೂರ್ತಿ ಹೋಗದಿರಬಹುದು, ಕಡಿಮೆಯಂತೂ ಆಗುತ್ತದೆ. ಹೊಸ ತೊಟ್ಟಿಗೆ ಹೋಗುವುದೇ ಮಂಡಕ್ಕಿಗೆ ಸೆಳವಿನ ಪ್ರಚೋದನೆಯಾಗಬಲ್ಲದು, ಆದ್ದರಿಂದ ಅದರ ಹಳೆಯ ಗೂಡನ್ನು ಮೊದಲು ಅಲ್ಲಿಗೆ ಸಾಗಿಸಿ, ಸಂಜೆ ಮನೆ ಶಾಂತವಾದ ಮೇಲೆ ಅದನ್ನು ಬಿಡಿ.

ಕೊನೆಯ ಪ್ರಶ್ನೆ, ರಾಗಿಯ ನಂತರ ಏನು ಎಂಬುದು. ಸಾಕಿದ ಜರ್ಬಿಲ್‌ಗಳು ಮೂರು ವರ್ಷ, ಕೆಲವು ನಾಲ್ಕು ವರ್ಷ ಬದುಕುತ್ತವೆ. ಹಾಗಾಗಿ ಈ ಪ್ರಶ್ನೆ ನಿಮಗೆ ಎದುರಾಗುವುದು ಖಚಿತ. ಈಗಲೇ ಮೂರನೆಯದನ್ನು ತರಬೇಡಿ, ಮೂವರ ಗುಂಪಿನಲ್ಲಿ ಜಗಳ ಬೇಗ ಹುಟ್ಟುತ್ತದೆ. ರಾಗಿ ಹೋದಾಗ ಮಂಡಕ್ಕಿಗೆ ಎರಡು ವರ್ಷ ದಾಟಿದ್ದರೆ ಒಂಟಿಯಾಗಿಯೇ, ದಿನವೂ ನಿಮ್ಮ ಕೈಯ ಒಡನಾಟದಲ್ಲಿ ಇರಿಸಬಹುದು. ಇನ್ನೂ ಎಳೆಯದಾಗಿದ್ದರೆ 6ರಿಂದ 8 ವಾರದ ಒಂದು ಗಂಡು ಮರಿಯನ್ನು ತಂದು, ಜಾಲರಿಯ ಕ್ರಮದಲ್ಲೇ ಪರಿಚಯಿಸಿ. ಗಂಡೋ ಹೆಣ್ಣೋ ಎಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬದೆ ವೈದ್ಯರಿಂದ ಖಚಿತಪಡಿಸಿಕೊಳ್ಳಿ, ಏಕೆಂದರೆ ಇವುಗಳ ಗರ್ಭಾವಧಿ 24ರಿಂದ 26 ದಿನ ಮಾತ್ರ, ಮತ್ತು ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಮರಿಯನ್ನು ಆರಿಸುವಾಗ ತಾಯಿ ತಂದೆಯರಿಗೆ ಫಿಟ್ಸ್ ಇತ್ತೇ ಎಂದು ಕೇಳಿ. ಕನಿಷ್ಠ ಆರು ವಾರ ಕುಟುಂಬದ ಜೊತೆ ಬಿಲದಂಥ ಗೂಡಿನಲ್ಲಿ ಬೆಳೆದ, ಎಳವೆಯಿಂದಲೇ ಮನುಷ್ಯರ ಕೈಗೆ ಹೊಂದಿಕೊಂಡ ಮರಿಯನ್ನು ತನ್ನಿ. ಬೇಗ ತಾಯಿಯಿಂದ ಬೇರ್ಪಟ್ಟ ಮರಿಗಳಲ್ಲೇ ಕಂಬಿ ಕಡಿಯುವ ಚಟ ಹೆಚ್ಚು.